ಎಣಿಕೆಯ ಘಟಕ ಮತ್ತು ಗಡಿಯ ಕನ್ನಡ: ರಾಯದುರ್ಗ, ಮಡಕಶಿರಾ

1953ರಲ್ಲಿ ಯೋಜನಾ ಆಯೋಗವು ಸಂಶೋಧನಾ ಕಾರ್ಯಕ್ರಮಗಳ ಸಮಿತಿಯನ್ನು ರಚಿಸಿ ಸಾಮಾಜಿಕ ಅಧ್ಯಯನಗಳಿಗೆ ಸರ್ಕಾರದ ಹಣ ಒದಗಿಸತೊಡಗಿತು. ಅದೇ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರುಗಳೊಡನೆ ಆಂಧ್ರಕ್ಕೆ ಸೇರಿದ ರಾಯದುರ್ಗ ತಾಲೂಕು ಅನಂತಪುರ ಜಿಲ್ಲೆಯ ಭಾಗವಾಯಿತು. ಮೂರು ದಿಕ್ಕಿಗೂ ಮೈಸೂರು ಸೀಮೆಯನ್ನು ತಾಗಿಕೊಂಡ ಮಡಕಶಿರಾ ಮೊದಲಿನಿಂದಲೂ ಅನಂತಪುರದಲ್ಲಿಯೇ ಇತ್ತು. ಸಂಬಂಧವಿಲ್ಲದಂತೆ ತೋರುವ ಈ ಎರಡು ನಿರ್ಧಾರಗಳು ಮುಂದೆ ಒಂದೇ ಪ್ರಶ್ನೆಯಲ್ಲಿ ಸಂಧಿಸುತ್ತವೆ: ಗಡಿಯ ಭಾಷಿಕ ಸಮುದಾಯವನ್ನು ಅರಿಯುವ ಹೊಣೆ ಯಾರದು?

1965ರಲ್ಲಿ ವಿ.ಕೆ.ಆರ್.ವಿ. ರಾವ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು ಪ್ರತ್ಯೇಕ ಪರಿಷತ್ತೊಂದನ್ನು ಶಿಫಾರಸು ಮಾಡಿತು. ಅದರ ಫಲವಾಗಿ 1969ರಲ್ಲಿ ಭಾರತೀಯ ಸಾಮಾಜಿಕ ವಿಜ್ಞಾನ ಸಂಶೋಧನಾ ಪರಿಷತ್ತು ಹುಟ್ಟಿತು, ಡಿ.ಆರ್. ಗಾಡ್ಗೀಳ್ ಮೊದಲ ಅಧ್ಯಕ್ಷರು, ಜೆ.ಪಿ. ನಾಯಕ್ ಸದಸ್ಯ ಕಾರ್ಯದರ್ಶಿ. ಪರಿಷತ್ತು ಸ್ವಾಯತ್ತವೆನಿಸಿದರೂ ಅನುದಾನ ಕೇಂದ್ರ ಸರ್ಕಾರದ್ದು, ಅಧ್ಯಕ್ಷರ ನೇಮಕವೂ ಅದರದೇ. ಅದೇ ವರ್ಷ ಮೈಸೂರಿನಲ್ಲಿ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ ಆರಂಭವಾಯಿತು. ಹೀಗೆ ಸಮಾಜದ ಅಧ್ಯಯನ ಒಂದು ಕಡೆ, ಭಾಷೆಯ ಅಧ್ಯಯನ ಇನ್ನೊಂದು ಕಡೆ ನೆಲೆಗೊಂಡವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಎಂಬ ಬದುಕು ಈ ವಿಂಗಡಣೆಗೆ ಸುಲಭವಾಗಿ ಒಗ್ಗುವಂಥದಲ್ಲ.

ಇದು ಕೇವಲ ಪಾಂಡಿತ್ಯದ ವಿಷಯವಲ್ಲ. 1956ರ ಕೇಂದ್ರ ಸರ್ಕಾರದ ಜ್ಞಾಪನಪತ್ರದ ಪ್ರಕಾರ ಜಿಲ್ಲೆ, ಪುರಸಭೆ ಅಥವಾ ತಾಲೂಕಿನಲ್ಲಿ ಭಾಷಾ ಅಲ್ಪಸಂಖ್ಯಾತರು ಶೇಕಡಾ 15ರಿಂದ 20ರಷ್ಟಿದ್ದರೆ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲಿಯೂ ಬರಬೇಕು. ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಮಾತೃಭಾಷೆಯ ಶಿಕ್ಷಕರು ದೊರೆಯಬೇಕು. ಹಕ್ಕು ಸಂಖ್ಯೆಯ ಮೇಲೆ ನಿಂತಾಗ, ಎಣಿಕೆಯ ಘಟಕವೇ ನ್ಯಾಯದ ಘಟಕವಾಗುತ್ತದೆ. ತಾಲೂಕಿನಲ್ಲಿ ಎದ್ದು ಕಾಣುವ ಕನ್ನಡ, ಜಿಲ್ಲೆಯ ಸರಾಸರಿಯಲ್ಲಿ ಕರಗಿಹೋಗುತ್ತದೆ. 1961ರ ಜನಗಣತಿ 1,652 ಮಾತೃಭಾಷೆಗಳನ್ನು ಪಟ್ಟಿಮಾಡಿತು. 1971ರಿಂದ ರಾಷ್ಟ್ರಮಟ್ಟದಲ್ಲಿ 10,000ಕ್ಕಿಂತ ಕಡಿಮೆ ಭಾಷಿಕರಿರುವ ಭಾಷೆಗಳನ್ನು ಪ್ರತ್ಯೇಕವಾಗಿ ಪ್ರಕಟಿಸಲಿಲ್ಲ. ಕನ್ನಡದಂಥ ದೊಡ್ಡ ಭಾಷೆಗೆ ಈ ಮಿತಿ ತಾಗದು. ಆದರೆ ದೊಡ್ಡ ಭಾಷೆಯ ಸಣ್ಣ ಗಡಿ ಸಮುದಾಯವೂ ಬೇರೊಂದು ಬಗೆಯಲ್ಲಿ ಅಗೋಚರವಾಗಬಲ್ಲದು.

ವೈರುಧ್ಯವೊಂದು ಗಮನಾರ್ಹ. ಮಡಕಶಿರಾ ಸೀಮೆಯ ಹೇಮಾವತಿ, ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಮದರಾಸು ಪ್ರಾಂತದ ಕನ್ನಡ ಶಾಸನಗಳನ್ನು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್ ಸಂಪಾದಿಸಿದರು. ಸರ್ಕಾರದ ವೆಚ್ಚದಲ್ಲಿಯೇ ಅವು 1939ರಲ್ಲಿ ಪ್ರಕಟವಾದವು. ಶಾಸನಶಾಸ್ತ್ರವು ಪ್ರತಿಯೊಂದು ಕಲ್ಲನ್ನೂ ಊರಿನ ಹೆಸರಿನೊಡನೆ ದಾಖಲಿಸುತ್ತದೆ. ಅಂಥ ಸೂಕ್ಷ್ಮ ಘಟಕವು ಇಂದಿನ ಮಾತುಗಾರರಿಗೂ ಸಲ್ಲಬೇಕಾದುದು.

2022ರ ಏಪ್ರಿಲ್‌ನಲ್ಲಿ ಆಂಧ್ರದ ಜಿಲ್ಲೆಗಳು ಮರುವಿಂಗಡಣೆಯಾದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲಿಯೇ ಉಳಿಯಿತು. ಜಿಲ್ಲಾವಾರು ಅಂಕಿಅಂಶಗಳ ಹೋಲಿಕೆ ಇನ್ನಷ್ಟು ಜಟಿಲವಾಯಿತು. ಎರಡು ರಾಜ್ಯಗಳ ವಿಶ್ವವಿದ್ಯಾಲಯಗಳು ಜಂಟಿಯಾಗಿ, ಹಳ್ಳಿ ಹಾಗೂ ಶಾಲೆಗಳನ್ನೇ ಘಟಕವಾಗಿಸಿ ನಡೆಸುವ ದೀರ್ಘಾವಧಿ ಅಧ್ಯಯನಕ್ಕೆ ಅನುದಾನ ದೊರೆತಾಗ ಮಾತ್ರ 1953ರ ಆ ಎರಡು ನಿರ್ಧಾರಗಳು ಪರಸ್ಪರ ಉತ್ತರಿಸತೊಡಗುತ್ತವೆ.