ಕಾಡಾನೆಯ ಪ್ರಥಮ ಪ್ರಯಾಣ

ಸುಂಟಿಕೊಪ್ಪದ ಸುತ್ತಣ ಕಾಫಿ ತೋಟಗಳಲ್ಲಿ ಕಾಡಾನೆಯ ಹಾವಳಿ ಮಿತಿಮೀರಿದಾಗ, ಸರ್ಕಾರದ ಅಪ್ಪಣೆ ಪಡೆದು ಅದನ್ನು ಸೆರೆಹಿಡಿಯುವುದುಂಟು. ಹಿಡಿದ ಆನೆಯನ್ನು ಕಾವೇರೀ ತೀರದ ದುಬಾರೆ ಶಿಬಿರದಂಥ ಎಡೆಗೆ ಸಾಗಿಸಲು ಮೊದಲು ಲಾರಿಗೆ ಹತ್ತಿಸಬೇಕು. ಇದು ಹಿಡಿಯುವಷ್ಟೇ ಕಠಿನವಾದ ಕಾರ್ಯ.

೧೮೭೪ರಲ್ಲಿ ಸ್ಯಾಂಡರ್ಸನ್ ಎಂಬ ಅಧಿಕಾರಿಯು ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಯಿಸಿ ಆನೆಯ ಹಿಂಡನ್ನು ಹಿಡಿದನು. ಕಾಕನಕೋಟೆಯ ಕಡೆಯ ಖೆಡ್ಡಾ ನಡೆದುದು ೧೯೭೧ರಲ್ಲಿ. ಖೆಡ್ಡಾದಲ್ಲಿ ಸಿಕ್ಕ ಆನೆಯನ್ನು ಹಗ್ಗಗಳಿಂದ ಬಿಗಿದು, ಪಳಗಿದ ಆನೆಗಳ ನಡುವೆ ದೊಡ್ಡಿಯಿಂದ ಹೊರಕ್ಕೆ ನಡೆಯಿಸುತ್ತಿದ್ದರು. ಭಯವಿದ್ದರೂ ಕಾಲ ಕೆಳಗಣ ನೆಲ ಪರಿಚಿತವಾಗಿತ್ತು.

ಲಾರಿಯಲ್ಲಾದರೋ ನೆಲವೇ ಅಲುಗುತ್ತದೆ. ತನ್ನ ಭಾರವನ್ನು ತಾಳೀತೆಂದು ತೋರದ ನೆಲದ ಮೇಲೆ ಆನೆಯು ಹೆಜ್ಜೆಯಿಡಲು ಹಿಂಜರಿಯುವುದು ಸಹಜ. ಆದುದರಿಂದ ಯಂತ್ರಯುಗದಲ್ಲಿಯೂ ಹಳೆಯ ಉಪಾಯ ಬಿಟ್ಟಿಲ್ಲ. ಪಳಗಿದ ಆನೆಗಳೇ ಹಗ್ಗದಿಂದ ಎಳೆದು, ಹಿಂದಿನಿಂದ ನೂಕಿ ಅದನ್ನು ಏರಿಸುತ್ತವೆ.

ದುಬಾರೆಯಲ್ಲಿ ಮರದ ದಿಮ್ಮಿಗಳ ದೊಡ್ಡಿಯೊಳಗೆ ಮಾವುತರು ಅದನ್ನು ಮೆಲ್ಲಮೆಲ್ಲನೆ ಪಳಗಿಸುವರು. ಹೀಗೆ ಪಳಗಿದವುಗಳಲ್ಲಿ ಕೆಲವು ಮುಂದೆ ಮಾವುತನ ಒಂದು ಮಾತಿಗೆ ತಾವೇ ಲಾರಿಯನ್ನೇರಿ ಮೈಸೂರಿನ ದಸರೆಗೆ ಹೊರಡುತ್ತವೆ. ಮತ್ತೆ ಕೆಲವು ಇನ್ನೊಂದು ಕಾಡಾನೆಯನ್ನು ಲಾರಿಗೆ ನೂಕಲು ಬರುತ್ತವೆ. ತೋಟದವನಿಗೆ ನೆಮ್ಮದಿ ತಂದ ಆ ಪ್ರಥಮ ಪ್ರಯಾಣವು ಆನೆಗೆ ಹುಟ್ಟಿದ ಕಾಡಿನ ಅಗಲಿಕೆಯೂ ಹೌದೆಂಬುದನ್ನು ಮರೆಯಲಾಗದು.