ಹೆಬ್ಬಾವಿನ ಅಂಗಿ

ಸರ್ಕಾರಿ ಕಚೇರಿಗಳಲ್ಲಿ ‘ಕಡತ’ವೆಂಬ ಮಾತನ್ನು ದಿನಕ್ಕೆ ಹತ್ತಾರು ಸಲ ಆಡುವವರಲ್ಲಿ ಎಷ್ಟು ಮಂದಿಗೆ ಅದು ಮೊದಲು ಬಟ್ಟೆಯಾಗಿದ್ದಿತೆಂಬುದು ನೆನಪಿದೆಯೋ ನಾನರಿಯೆ. ಹುಣಿಸೆಬೀಜದ ಸರಿಯಲ್ಲಿ ಇದ್ದಿಲ ಪುಡಿಯನ್ನು ಕಲಸಿ, ಅರಿವೆಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಆ ಕರಿಯ ಮೈಯ ಮೇಲೆ ನಮ್ಮ ಹಿಂದಿನವರು ಬಳಪದಿಂದ ಲೆಕ್ಕ ಬರೆದರು. ಬೇಡವಾದಾಗ ಒರಸಿ ಮತ್ತೆ ಬರೆಯಬಹುದಾಗಿತ್ತು. ಬಟ್ಟೆ ಹೋಗಿ ಕಾಗದ ಬಂದಿತು. ಹೆಸರು ಮಾತ್ರ ಉಳಿಯಿತು. ಅರಿವೆಯ ಮೇಲೆ ಅಕ್ಷರ ಬರೆಯುವುದು ಕನ್ನಡಿಗರಿಗೆ ಹೊಸ ವಿದ್ಯೆಯಲ್ಲವೆಂದು ಹೇಳುವುದಕ್ಕಾಗಿ ಇಷ್ಟು ಪೀಠಿಕೆ. ನಾನು ಈಗ ಹೇಳಹೊರಟಿರುವುದು ತೊಡುವ ಅರಿವೆಯ ಮೇಲಣ ಅಕ್ಷರದ ಚರಿತ್ರೆ. ಅದರಲ್ಲಿಯೂ, ಗಣಕಯಂತ್ರದ ಭಾಷೆಗಳನ್ನು ಕಲಿತವರು ತಮ್ಮ ಭಾಷೆಯ ಹೆಸರಿನಲ್ಲಿ ಮಾಡಿಸಿ, ಮಾರಿ, ತೊಡುವ ಟೀ ಶರ್ಟಿನ ಚರಿತ್ರೆ.

ಕನ್ನಡದ ಅಧ್ಯಾಪಕನಿಗೆ ಈ ಉಸಾಬರಿ ಏತಕ್ಕೆ ಎಂದು ವಾಚಕರು ಕೇಳಬಹುದು. ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ, ತಾಂಡವಪುರದ ಬಳಿ, ತಾಂಡ್ಯ ಕೈಗಾರಿಕಾ ಪ್ರದೇಶವಿದೆ. ನನ್ನ ವಿದ್ಯಾರ್ಥಿಗಳಲ್ಲಿ ಹಲವರ ತಂದೆತಾಯಿಗಳು ಅಲ್ಲಿಯ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರು. ಪಾಳಿ ಬದಲಾಗುವ ಹೊತ್ತಿನಲ್ಲಿ ಆ ರಸ್ತೆಯಲ್ಲಿ ನಿಂತರೆ ಎದೆಯ ಮೇಲೆ ಕಂಪನಿಯ ಹೆಸರು ಹೊತ್ತ ಅಂಗಿಗಳು ಸಾಲಾಗಿ ಬರುವುದನ್ನು ಕಾಣಬಹುದು. ನಮ್ಮ ಕಾಲೇಜಿನ ಕೆಲವು ಹುಡುಗರೂ ಹುಡುಗಿಯರೂ ಕೂಡಿ ‘ಪೈಥಾನ್’ ಎಂಬ ಗಣಕಭಾಷೆಯನ್ನು ಕಲಿಯುವುದಕ್ಕೆ ಕೂಟವೊಂದನ್ನು ಕಟ್ಟಿಕೊಂಡಿದ್ದರು. ಅವರ ಮುಂದಾಳಾಗಿದ್ದ ಹುಡುಗ ಒಂದು ದಿನ ನನ್ನ ಬಳಿಗೆ ಬಂದು, “ಸಾರ್, ಅಪ್ಪನ ಅಂಗಿ ಮೇಲೆ ಕಂಪನಿ ಹೆಸರಿದೆ. ನಮ್ಮ ಅಂಗಿ ಮೇಲೆ ನಮ್ಮ ಕೂಟದ ಹೆಸರು ಹಾಕಿಸಬೇಕು, ಕನ್ನಡದಲ್ಲೇ. ಒಂದು ಮಾತು ಕೊಡಿ” ಎಂದ. ನಾನು ಸ್ವಲ್ಪ ಯೋಚಿಸಿ, ‘ನಂಜನಗೂಡಿನ ಹೆಬ್ಬಾವು’ ಎಂದು ಬರೆದುಕೊಟ್ಟೆ. ಪೈಥಾನ್ ಎಂದರೆ ಹೆಬ್ಬಾವಷ್ಟೆ. ಹಾವನ್ನೇ ಕೊರಳಿಗೆ ಹಾಕಿಕೊಂಡವನ ಊರು ನಮ್ಮದು; ಇಲ್ಲಿ ಅದು ಹೊಂದಿಕೊಂಡೀತೆಂದು ನನಗೆ ತೋರಿತು.

ಮಾತು ಕೊಟ್ಟಮೇಲೆ ಅದರ ಹಿನ್ನೆಲೆಯನ್ನು ತಿಳಿಯುವ ಹಂಬಲವಾಯಿತು. ಟೀ ಶರ್ಟು ಹುಟ್ಟಿನಲ್ಲಿ ಒಳಅಂಗಿ. ಅಮೆರಿಕದ ನೌಕಾಪಡೆ ಅದನ್ನು 1913ರಲ್ಲಿ ಸಮವಸ್ತ್ರದ ಒಳಗೆ ತೊಡುವ ಬಟ್ಟೆಯಾಗಿ ಸ್ವೀಕರಿಸಿತು. ಅದರ ಮೇಲೆ ಅಕ್ಷರ ಮೂಡಿದ್ದು ಅನಂತರ. 1942ರ ಜುಲೈಯಲ್ಲಿ ‘ಲೈಫ್’ ಪತ್ರಿಕೆಯ ಮುಖಪುಟದಲ್ಲಿ, ವಿಮಾನಪಡೆಯ ಶಿಕ್ಷಣಶಾಲೆಯೊಂದರ ಹೆಸರು ಅಚ್ಚಾದ ಅಂಗಿಯನ್ನು ತೊಟ್ಟ ಸೈನಿಕನ ಚಿತ್ರ ಬಂದಿತು. 1948ರ ಅಧ್ಯಕ್ಷ ಚುನಾವಣೆಯಲ್ಲಿ ಥಾಮಸ್ ಡ್ಯೂಯಿಯವರ ಪರವಾಗಿ ಘೋಷಣೆಯ ಅಂಗಿಗಳು ಅಚ್ಚಾದುವು. ಡ್ಯೂಯಿ ಸೋತರು, ಎದೆಯ ಮೇಲೆ ಪಕ್ಷವನ್ನು ಹೊರುವ ರೂಢಿ ಗೆದ್ದಿತು. ಒಳಗೆ ಅಡಗಿರಬೇಕಾದ ಬಟ್ಟೆ ಹೀಗೆ ಮನಸ್ಸಿನ ಒಳಗಿದ್ದುದನ್ನು ಹೊರಗೆ ಹೇಳತೊಡಗಿತು.

ಗಣಕಭಾಷೆಗಳವರಿಗೆ ಈ ಅಂಗಿ ಅಷ್ಟು ಪ್ರಿಯವಾದುದಕ್ಕೆ ಕಾರಣವಿದೆ. ಗಣಕಭಾಷೆ ಕಣ್ಣಿಗೆ ಕಾಣುವ ವಸ್ತುವಲ್ಲ. ಅದನ್ನು ಬೆಳೆಸುವವರಲ್ಲಿ ಬಹು ಮಂದಿ ಸಂಬಳವಿಲ್ಲದೆ, ಬೇರೆ ಬೇರೆ ದೇಶಗಳಲ್ಲಿ, ಒಬ್ಬರನ್ನೊಬ್ಬರು ನೋಡದೆ ದುಡಿಯುವವರು. ಅವರಿಗೊಂದು ಊರಿಲ್ಲ, ಗುಡಿಯಿಲ್ಲ. ನಮ್ಮ ನಾಡಿನ ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಸಂಘಕ್ಕೆ ಗುಡ್ಡಧ್ವಜವಿದ್ದಿತೆಂದು ಶಾಸನಗಳಿಂದ ತಿಳಿಯುತ್ತದೆ. ಊರೂರು ಅಲೆಯುವವರಿಗೆ ಧ್ವಜ ಬೇಕು. ಇವರಿಗೆ ಅಂಗಿಯೇ ಧ್ವಜ.

ಧ್ವಜಕ್ಕೆ ಲಾಂಛನ ಬೇಡವೇ? ಇವರು ಆರಿಸಿಕೊಂಡ ಲಾಂಛನಗಳಲ್ಲಿ ಹಲವು ಪ್ರಾಣಿಗಳೇ. ಲ್ಯಾರಿ ವಾಲ್ 1987ರಲ್ಲಿ ಹೊರತಂದ ‘ಪರ್ಲ್’ ಭಾಷೆಗೆ ಒಂಟೆ ಬಂದದ್ದು, 1991ರಲ್ಲಿ ಅಚ್ಚಾದ ಪಠ್ಯಪುಸ್ತಕದ ರಕ್ಷಾಪುಟದಿಂದ. ‘ಗೋ’ ಭಾಷೆಯ ಇಲಿಯಂಥ ಪ್ರಾಣಿಯ ಕಥೆ ಇನ್ನೂ ಸ್ವಾರಸ್ಯವಾದುದು. ರೆನೆ ಫ್ರೆಂಚ್ ಎಂಬ ಚಿತ್ರಕಲಾವಿದೆ ನ್ಯೂಜೆರ್ಸಿಯ ರೇಡಿಯೋ ಕೇಂದ್ರವೊಂದರ ಚಂದಾ ಸಂಗ್ರಹದ ಟೀ ಶರ್ಟಿಗಾಗಿ ಅದನ್ನು ಮೊದಲು ಬರೆದರು. ಹಲವು ವರ್ಷಗಳ ಮೇಲೆ, 2009ರಲ್ಲಿ ‘ಗೋ’ ಪ್ರಕಟವಾದಾಗ, ಅದೇ ಪ್ರಾಣಿ ಆ ಭಾಷೆಯ ಲಾಂಛನವಾಯಿತು. ಭಾಷೆಯಿಂದ ಅಂಗಿ ಹುಟ್ಟುವುದು ಲೋಕರೂಢಿ; ಇಲ್ಲಿ ಅಂಗಿಯಿಂದ ಭಾಷೆಯ ಮುಖ ಹುಟ್ಟಿತು.

ನಮ್ಮ ಹೆಬ್ಬಾವಿನ ವಿಚಾರದಲ್ಲಿ ನಾನು ಮೋಸಹೋದೆನೆಂಬುದೂ ಆಗ ತಿಳಿಯಿತು. ಗೀಡೋ ವಾನ್ ರೋಸಮ್ 1989ರ ಡಿಸೆಂಬರಿನಲ್ಲಿ ಆ ಭಾಷೆಯ ಕೆಲಸ ಆರಂಭಿಸಿ 1991ರಲ್ಲಿ ಪ್ರಕಟಿಸಿದಾಗ, ಅವರ ಮನಸ್ಸಿನಲ್ಲಿದ್ದುದು ಹಾವಲ್ಲ, ‘ಮಾಂಟಿ ಪೈಥಾನ್’ ಎಂಬ ಇಂಗ್ಲಿಷ್ ಹಾಸ್ಯಗಾರರ ತಂಡ. ಜನ ಹಾವೆಂದೇ ತಿಳಿದರು. ಕೊನೆಗೆ ಹೆಣೆದುಕೊಂಡ ಎರಡು ಹಾವುಗಳೇ ಅದರ ಲಾಂಛನವಾದುವು. ತಪ್ಪು ಅರ್ಥವೂ ಬಹುಕಾಲ ಬಳಕೆಯಲ್ಲಿದ್ದರೆ ನಿಘಂಟಿನೊಳಕ್ಕೆ ಬರುತ್ತದೆಂಬುದನ್ನು ನಮ್ಮಂಥ ಮೇಷ್ಟರಿಗೆ ಬೇರೆ ಹೇಳಬೇಕಾಗಿಲ್ಲ.

ಇವೆಲ್ಲ ಬರಿಯ ಸೊಗಸಿನ ಮಾತಲ್ಲ. ಒಂದು ಅಂಗಿಗಾಗಿ ಕಾನೂನೇ ತಲೆ ಕೆರೆದುಕೊಂಡ ಕಾಲವಿದ್ದಿತು. 1990ರ ದಶಕದಲ್ಲಿ ಅಮೆರಿಕ ಸರ್ಕಾರ ಬಲವಾದ ಗೂಢಲಿಪಿಯ ಕ್ರಮವಿಧಿಗಳನ್ನು ಯುದ್ಧಸಾಮಗ್ರಿಗಳ ಸಾಲಿಗೆ ಸೇರಿಸಿ, ಅನುಮತಿಯಿಲ್ಲದೆ ಹೊರದೇಶಕ್ಕೆ ಕಳಿಸುವುದನ್ನು ತಡೆದಿತ್ತು. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ರೂಪಿಸಿದ ಗೂಢಲಿಪಿಯ ವಿಧಾನವನ್ನು ಇಂಗ್ಲೆಂಡಿನ ಆಡಮ್ ಬ್ಯಾಕ್ 1995ರಲ್ಲಿ ಪರ್ಲ್ ಭಾಷೆಯ ಕೆಲವೇ ಸಾಲುಗಳಿಗೆ ಇಳಿಸಿದರು. ಆ ಸಾಲುಗಳು ಟೀ ಶರ್ಟಿನ ಮೇಲೆ ಅಚ್ಚಾಗಿ ಮಾರಾಟವಾದುವು. ಅದನ್ನು ತೊಟ್ಟು ವಿಮಾನ ಹತ್ತಿದರೆ ಆಯುಧ ಸಾಗಿಸಿದ ಅಪರಾಧವಾಗುತ್ತದೆಯೆ? ಈ ಪ್ರಶ್ನೆಯ ಮುಂದೆ ಕಾನೂನು ನಗೆಪಾಟಲಾಯಿತು. ಆ ನಿರ್ಬಂಧಗಳು 1996ರಿಂದ ಸಡಿಲವಾಗುತ್ತ ಬಂದು, 2000ದ ಹೊತ್ತಿಗೆ ಬಹುಮಟ್ಟಿಗೆ ಇಲ್ಲವಾದುವು. ಅಂಗಿಯೊಂದರಿಂದಲೇ ಹೀಗಾಯಿತೆಂದು ನಾನು ಹೇಳಲಾರೆ. ಆದರೆ ವಾದವನ್ನು ಎಲ್ಲರ ಕಣ್ಣಿಗೂ ಕಾಣುವಂತೆ ಮಾಡಿದ್ದು ಆ ಅಂಗಿಯೇ.

ಹೆಸರಿಗಾಗಿಯೂ ಜಗಳಗಳಾಗಿವೆ. 2013ರಲ್ಲಿ ಇಂಗ್ಲೆಂಡಿನ ಕಂಪನಿಯೊಂದು ‘ಪೈಥಾನ್’ ಎಂಬ ಹೆಸರನ್ನು ತನ್ನ ವ್ಯಾಪಾರಮುದ್ರೆಯಾಗಿ ಯೂರೋಪಿನಲ್ಲಿ ನೋಂದಾಯಿಸಿಕೊಳ್ಳಲು ಹೊರಟಿತು. 2001ರಲ್ಲಿ ಸ್ಥಾಪಿತವಾದ ಪೈಥಾನ್ ಸಾಫ್ಟ್‌ವೇರ್ ಫೌಂಡೇಷನ್ ಆ ಭಾಷೆಯ ಬಳಕೆದಾರರನ್ನು ಕೂಗಿ ಕರೆದು, ತಮ್ಮಲ್ಲಿ ಆ ಹೆಸರು ಬಳಕೆಯಲ್ಲಿದೆಯೆಂಬುದಕ್ಕೆ ಸಾಕ್ಷ್ಯ ಕೊಡಿರೆಂದು ಬೇಡಿತು. ಕೆಲವು ವಾರಗಳಲ್ಲಿಯೇ ರಾಜಿಯಾಯಿತು. ಎಲ್ಲರಿಗೂ ಸೇರಿದ ಹೆಸರು ಯಾರಿಗೂ ಸೇರದ ಹೆಸರಾಗಿಬಿಡಬಾರದು. ಅದನ್ನು ಎದೆಯ ಮೇಲೆ ಹಾಕಿಕೊಳ್ಳುವವರು ಕಾಯುವ ಹೊಣೆಯನ್ನೂ ಹೊರಬೇಕಾಗುತ್ತದೆ.

ಈ ಗಾಳಿ ನಮ್ಮ ಕಡೆಗೂ ಬೀಸಿತು. ಬೆಂಗಳೂರಿನಲ್ಲಿ 2001ರಿಂದ ಲಿನಕ್ಸ್ ಬಳಗದ ವಾರ್ಷಿಕ ಸಮ್ಮೇಳನಗಳು ನಡೆದುವು. ಪೈಥಾನ್ ಬಳಗದ ಮೊದಲ ಅಖಿಲ ಭಾರತ ಸಮ್ಮೇಳನ 2009ರ ಸೆಪ್ಟೆಂಬರಿನಲ್ಲಿ ಅಲ್ಲಿಯೇ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೇರಿತು. ಇಂಥ ಕೂಟಗಳಿಗೆ ಹೋದವರು ಬರುವಾಗ ಒಂದು ಅಂಗಿ ತರುವುದು ವಾಡಿಕೆ. ನಮ್ಮ ಹುಡುಗರಿಗೆ ಆಸೆ ಹುಟ್ಟಿದ್ದೂ, ಒಬ್ಬನ ಅಣ್ಣ ಬೆಂಗಳೂರಿನಿಂದ ತೊಟ್ಟು ಬಂದಿದ್ದ ಅಂಥ ಅಂಗಿಯನ್ನು ಕಂಡು.

ಬಟ್ಟೆಗೆ ನಮ್ಮ ಸೀಮೆಯಲ್ಲಿ ಬಡತನವಿಲ್ಲ. ತಿರುಮಕೂಡಲು ನರಸೀಪುರದ ಕಾರ್ಖಾನೆಯಲ್ಲಿ ಬಿಚ್ಚಿದ ರೇಷ್ಮೆ ನೂಲು, 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪಿತವಾದ ಮೈಸೂರಿನ ರೇಷ್ಮೆ ಮಗ್ಗಗಳಿಗೆ ಹೋಗುತ್ತದೆ. ಆದರೆ ಟೀ ಶರ್ಟಿಗೆ ಬೇಕಾದದ್ದು ನೇಯ್ದ ಬಟ್ಟೆಯಲ್ಲ, ಬನಿಯನ್ನಿನಂತೆ ಹೆಣೆದ ಹತ್ತಿಯ ಬಟ್ಟೆ. ಅದರ ದೊಡ್ಡ ಪೇಟೆ ತಿರುಪ್ಪೂರು. ನಮ್ಮ ಅಂಗಡಿಯವರಿಗೆ ಅಚ್ಚಿಲ್ಲದ ಅಂಗಿಗಳು ಬಂದದ್ದೂ ಅಲ್ಲಿಂದಲೇ. ಸತ್ಯಮಂಗಲ, ದಿಂಬಂ ಘಟ್ಟ, ಚಾಮರಾಜನಗರಗಳನ್ನು ದಾಟಿ.

ಅಚ್ಚಿನ ಲೆಕ್ಕ ಹೀಗೆ. ಚೌಕಟ್ಟಿಗೆ ಬಿಗಿದ ಜಾಲಿಬಟ್ಟೆಗೆ ಬೆಳಕು ತಾಗಿದರೆ ಗಟ್ಟಿಯಾಗುವ ಲೇಪ ಹಚ್ಚಿ, ಮೇಲೆ ಕಪ್ಪು ಅಕ್ಷರಗಳ ಹಾಳೆಯನ್ನಿಟ್ಟು ಬೆಳಕು ಹಾಯಿಸುತ್ತಾರೆ. ಅಕ್ಷರವಿದ್ದಲ್ಲಿ ಲೇಪ ತೊಳೆದುಹೋಗುತ್ತದೆ. ಬಣ್ಣ ಅಲ್ಲಿಂದ ಮಾತ್ರ ಬಟ್ಟೆಗೆ ಇಳಿಯುತ್ತದೆ. ಒಂದು ಬಣ್ಣಕ್ಕೆ ಒಂದು ಚೌಕಟ್ಟು. ನಮ್ಮಲ್ಲಿ ಚೌಕಟ್ಟಿಗೆ 600 ರೂಪಾಯಿ, ಬಟ್ಟೆಗೆ 180, ಅಚ್ಚಿನ ಕೂಲಿ 30. ಹತ್ತು ಅಂಗಿ ಮಾಡಿಸಿದರೆ ಚೌಕಟ್ಟಿನ ಪಾಲು ಒಂದಕ್ಕೆ 60 ರೂಪಾಯಿ, ನಲವತ್ತಾದರೆ 15. ಆದುದರಿಂದಲೇ ಇಂಥ ಅಂಗಿ ಒಬ್ಬನಿಗಾಗಿ ಹುಟ್ಟುವುದು ಕಷ್ಟ, ಕೂಟ ಬೇಕು. ಹುಡುಗ ನಲವತ್ತು ಜನರಿಂದ ತಲಾ 250 ರೂಪಾಯಿ ಮುಂಗಡವಾಗಿ ಎತ್ತಿದ. ಉಳಿಯುವ ಸಾವಿರದಲ್ಲಿ ಪುಸ್ತಕ ಕೊಳ್ಳುವುದೆಂದು ನಿಶ್ಚಯವಾಯಿತು.

ಅಂಗಿಗಳು ಬಂದುವು. ಬಿಚ್ಚಿ ನೋಡಿದರೆ, ಏತ್ವ ಹಕಾರವನ್ನು ಬಿಟ್ಟು ದೂರ ಸರಿದಿದೆ. ಬಕಾರದ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ಪೂರ್ಣಾಕ್ಷರವಾಗಿ ಕುಳಿತಿದೆ. ‘ಹೆಬ್ಬಾವು’ ಹೋಗಿ ‘ಹೆಬ್ ಬಾವು’ ಆಗಿದೆ! ಹಳಗನ್ನಡದ ‘ಪೆರ್ಬಾವು’ ಸಾವಿರ ವರ್ಷ ಹರಿದು ಹೆಬ್ಬಾವಾಗಿ, ತಾಂಡ್ಯದಲ್ಲಿ ದೊಡ್ಡದೊಂದು ಬಾವಾಗಿ ಊದಿಕೊಂಡಿತ್ತು. ಹುಡುಗ ನಗಲಿಲ್ಲ. ನಲವತ್ತು ಮನೆಗಳಿಗೆ ಉತ್ತರ ಹೇಳಬೇಕಾದವನು ಅವನು. “ನಮ್ ಕಂಪ್ಯೂಟರ್‌ನಲ್ಲಿ ಹಿಂಗೇ ಕಾಣ್ತಿತ್ತು ಸಾರ್, ಕನ್ನಡ ಹಿಂಗೇ ಅಂದ್ಕೊಂಡು ಹೊಡ್ದ್‌ಬುಟ್ಟೋ” ಎಂದರು ಅಚ್ಚಿನವರು. ಅವರ ಕೆಲಸಗಾರ ಹೊರರಾಜ್ಯದವನು, ಕನ್ನಡ ಓದಬಾರದವನು. ತಪ್ಪು ನನ್ನದೂ ಹೌದು. ಫೋನಿನಲ್ಲಿ ಅಕ್ಷರ ಸರಿಯಾಗಿ ಕಂಡಿತೆಂದು ಒಪ್ಪಿಗೆ ಕೊಟ್ಟೆನೇ ಹೊರತು, ಅಚ್ಚಿನ ಕರಡನ್ನು ಹೋಗಿ ನೋಡಲಿಲ್ಲ.

ಹೀಗೇಕಾಯಿತು? ಪೈಥಾನ್ ಪ್ರಕಟವಾದ 1991ರಲ್ಲಿಯೇ ಯೂನಿಕೋಡಿನ ಮೊದಲ ಆವೃತ್ತಿಯೂ ಹೊರಬಂದು, ಅದರಲ್ಲಿ ಕನ್ನಡಕ್ಕೆ ಸ್ಥಾನ ದೊರಕಿತ್ತು. ಆದರೆ ಸ್ಥಾನ ದೊರೆತ ಮಾತ್ರಕ್ಕೆ ಅಕ್ಷರ ಕೂಡಿಕೊಳ್ಳುವುದಿಲ್ಲ. ಯೂನಿಕೋಡ್ ಕೊಡುವುದು ಹಕಾರ, ಏತ್ವ, ಬಕಾರ, ವಿರಾಮ ಎಂಬ ಬಿಡಿ ಬೀಜಗಳನ್ನು. ಅವನ್ನು ಕೂಡಿಸಿ ಒತ್ತನ್ನು ಕೆಳಗಿಳಿಸುವ ಕೆಲಸ ತಂತ್ರಾಂಶದ್ದು. ಚಿತ್ರ ಬಿಡಿಸುವ ತಂತ್ರಾಂಶಗಳಲ್ಲಿ ಕೆಲವು ಬಹುಕಾಲ ಅದನ್ನು ಮಾಡಲಿಲ್ಲ. ಇನ್ನು ಕೆಲವು ಪ್ರತ್ಯೇಕವಾಗಿ ಹೇಳಿದ ಹೊರತು ಮಾಡುವುದಿಲ್ಲ. ಅದಕ್ಕಾಗಿಯೇ ಎಷ್ಟೋ ಅಚ್ಚಿನ ಅಂಗಡಿಗಳು, ಒತ್ತುಗಳನ್ನು ಸಿದ್ಧವಾಗಿ ಜೋಡಿಸಿಟ್ಟ ‘ನುಡಿ’ಯಂಥ ಹಳೆಯ ಅಕ್ಷರಗಳನ್ನು ಬಿಟ್ಟಿಲ್ಲ. ವಿಪರ್ಯಾಸವೆಂದರೆ, 2008ರ ಡಿಸೆಂಬರಿನಲ್ಲಿ ಬಂದ ಮೂರನೆಯ ಆವೃತ್ತಿಯಿಂದೀಚೆಗೆ ಪೈಥಾನ್ ಭಾಷೆಯೊಳಗೆ ಚರಗಳಿಗೆ ‘ಮೊತ್ತ’, ‘ಹೆಬ್ಬಾವು’ ಎಂದು ಕನ್ನಡದಲ್ಲಿಯೇ ಹೆಸರಿಡಬಹುದು. ಹುಡುಗ ಅದನ್ನು ನನಗೆ ಮಾಡಿ ತೋರಿಸಿದ. ಯಂತ್ರ ಒಪ್ಪಿದ ಒತ್ತನ್ನು ಅಂಗಿ ಒಪ್ಪಲಿಲ್ಲ.

ಅಚ್ಚಿನವರು ಚೌಕಟ್ಟಿನ ಹಣವನ್ನೂ ಕೂಲಿಯನ್ನೂ ಹಿಂದಿರುಗಿಸಿದರು. ಬಟ್ಟೆಯ 7,200 ರೂಪಾಯಿ ಹೋದದ್ದೇ. ಮತ್ತೆ ಮಾಡಿಸುವುದೋ ಬಿಡುವುದೋ ಎಂಬ ಮಾತು ಬಂದಾಗ ನನಗೆ ನೆನಪಾದದ್ದು 1843ರ ‘ಮಂಗಳೂರ ಸಮಾಚಾರ’. ಹರ್ಮನ್ ಮೊಗ್ಲಿಂಗ್ ಕನ್ನಡದ ಆ ಮೊದಲ ಪತ್ರಿಕೆಯನ್ನು ಹೊರಡಿಸಿದ್ದು ಅಚ್ಚುಮೊಳೆಗಳಿಂದಲ್ಲ, ಕಲ್ಲಚ್ಚಿನಲ್ಲಿ. ಕೈಯಿಂದ ಬರೆದುದು ಕಲ್ಲಿನಿಂದ ಕಾಗದಕ್ಕೆ ಇಳಿಯುತ್ತಿತ್ತು. ಜಾಲಿಬಟ್ಟೆಗೂ ಬೇಕಾದುದು ಕಪ್ಪು ಗೆರೆ ಮಾತ್ರ. ಅದನ್ನು ಯಂತ್ರವೇ ಬರೆಯಬೇಕೆಂದೇನೂ ಇಲ್ಲ. ಕೂಟದ ಹುಡುಗಿಯೊಬ್ಬಳ ತಂದೆ ತಿ. ನರಸೀಪುರದ ಕಡೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಫ್ಲೆಕ್ಸ್ ಬಂದಮೇಲೆ ಕುಂಚ ಮಡಿಸಿಟ್ಟವರು. ಅವರು ಒಂದು ಸಂಜೆ ಬಿಳಿಯ ಹಾಳೆಯ ಮೇಲೆ ‘ನಂಜನಗೂಡಿನ ಹೆಬ್ಬಾವು’ ಎಂದು ಬರೆದುಕೊಟ್ಟರು. ಒತ್ತು ಇರಬೇಕಾದಲ್ಲಿಯೇ ಇದ್ದಿತು.

ಈ ಸಲ ಇಪ್ಪತ್ತೈದೇ ಅಂಗಿಗಳು. ಹದಿನೈದು ಮಂದಿ ಮತ್ತೆ ಕೈಹಾಕಲಿಲ್ಲ, ಅವರನ್ನು ತಪ್ಪೆನ್ನಲಾರೆ. ಸಾಲದೆ ಬಂದ ಹಣವನ್ನು ಪೂರ್ತಿ ನಾನೇ ಕೊಡುವೆನೆಂದರೂ ಹುಡುಗರು ಅರ್ಧವನ್ನು ಮಾತ್ರ ತೆಗೆದುಕೊಂಡರು. ಅಚ್ಚಾಗುವ ದಿನ ನಾನೂ ಆ ಹುಡುಗನೂ ತಾಂಡ್ಯಕ್ಕೆ ಹೋಗಿ, ಮೊದಲ ಅಂಗಿಯ ಬಣ್ಣ ಒಣಗುವವರೆಗೆ ನಿಂತಿದ್ದು, ಅಕ್ಷರ ಅಕ್ಷರವನ್ನು ನೋಡಿ ಸರಿಯೆಂದು ಹೇಳಿ ಬಂದೆವು. ಬರೆದವರಿಗೂ ಒಂದು ಅಂಗಿ ಕಳಿಸಿದೆವು. ಊದಿಕೊಂಡ ಹಳೆಯ ನಲವತ್ತು ಅಂಗಿಗಳನ್ನು ಹುಡುಗರು ಎಸೆದಿಲ್ಲ. ಕ್ರಿಕೆಟ್ ಆಡುವಾಗ ತೊಡುತ್ತಾರೆ. ಅವು ಮೈದಾನದಲ್ಲಿ ಎದುರಾದಾಗಲೆಲ್ಲ, ಕರಡು ನೋಡದೆ ಒಪ್ಪಿಗೆ ಕೊಟ್ಟ ಮೇಷ್ಟರನ್ನು ಅವು ಸುಮ್ಮನೆ ಹಾದುಹೋಗಲು ಬಿಡುವುದಿಲ್ಲ.