ವೈನಿನ ತಿಳಿ, ಮೊಟ್ಟೆಯ ಬಿಳಿ

ದ್ರಾಕ್ಷಿಯಿಂದಾದ ವೈನ್ ಸಸ್ಯಾಹಾರವೇ ಅಲ್ಲವೇ ಎಂದು ನಾನೂ ಬಹುಕಾಲ ನಂಬಿದ್ದೆ. (ಮದ್ಯದ ರುಚಿಯರಿಯದ ಮೇಷ್ಟ್ರಿಗೆ ಈ ಉಸಾಬರಿ ಏಕೆಂದು ಓದುಗರು ನಗಬಹುದು!)

ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ 225 ಲೀಟರಿನ ಓಕ್ ಪೀಪಾಯಿಗೆ ಐದಾರು ಮೊಟ್ಟೆಗಳ ಬಿಳಿಯನ್ನು ಕದಡಿ ಸೇರಿಸುವುದು ಹಳೆಯ ಪದ್ಧತಿ. ಅದರ ಪ್ರೋಟೀನು ಕೆಂಪು ವೈನಿನ ಒಗರಾದ ಟ್ಯಾನಿನ್ನನ್ನು ಹಿಡಿದುಕೊಂಡು ತಳಕ್ಕಿಳಿಯುತ್ತದೆ. ಮೇಲೆ ತಿಳಿ ಉಳಿಯುತ್ತದೆ. ಮೀನಿನ ಗಾಳಿಚೀಲದ ಅಂಟು, ಹಾಲಿನ ಕೇಸಿನ್, ಎತ್ತಿನ ರಕ್ತವೂ ಇದೇ ಕೆಲಸಕ್ಕೆ ಬಳಕೆಯಾಗಿದ್ದವು. ಹುಚ್ಚು ಹಸುವಿನ ರೋಗದ ಭೀತಿಯಿಂದ ಐರೋಪ್ಯ ಒಕ್ಕೂಟವು ರಕ್ತವನ್ನು 1997ರಲ್ಲಿ ನಿಷೇಧಿಸಿತು.

ಹಾಲು, ಮೊಟ್ಟೆಗಳನ್ನೂ ತೊರೆದ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು 1944ರಲ್ಲಿ ‘ವೀಗನ್’ ಎಂಬ ಹೆಸರು ತಳೆದರು. ಅಂಥವರಿಗೆ ಈಗ ಬೆಂಟೊನೈಟ್ ಎಂಬ ಜೇಡಿಮಣ್ಣಿನಿಂದ ತಿಳಿಗೊಳಿಸಿದ ವೈನ್ ದೊರೆಯುತ್ತದೆ.

ಊಟದೊಡನೆ ವೈನ್ ಹೊಂದಿಸುವ ಗುಟ್ಟೂ ಆ ಪ್ರೋಟೀನಿನಲ್ಲೇ ಇದೆ. ಮಾಂಸ, ಚೀಸ್‌ಗಳು ಬಾಯಲ್ಲಿ ಟ್ಯಾನಿನ್ನಿನ ಒಗರನ್ನು ತಗ್ಗಿಸುತ್ತವೆ. ಅವೆರಡೂ ಇಲ್ಲದ ತಟ್ಟೆಯ ಮುಂದೆ ಗಡುಸು ವೈನ್ ಹಸಿ ಅಡಿಕೆ ಜಗಿದಂತೆನಿಸೀತು. ಆದ್ದರಿಂದಲೇ ಅಣಬೆ, ಬೇಳೆಯ ಅಡುಗೆಗೆ ಬರ್ಗಂಡಿಯ ಪಿನೋ ನ್ವಾರ್‌ನಂಥ ಮೃದು ವೈನನ್ನು ಬಲ್ಲವರು ಸೂಚಿಸುತ್ತಾರೆ.

ಮೊಟ್ಟೆ, ಹಾಲಿನ ಅಂಶ ಉಳಿದಿದ್ದರೆ ಯುರೋಪಿನಲ್ಲಿ 2012ರಿಂದ ಲೇಬಲ್ಲಿನ ಮೇಲೆ ತಿಳಿಸಲೇಬೇಕು. ಮೀನಿನ ಅಂಟಿಗೆ ಮಾತ್ರ ಆ ನಿಯಮವಿಲ್ಲ. ಇದು ನನಗೆ ಸರಿಕಾಣದು.